ಬಳಿಯುವ ಮೊದಲು ಅಳೆಯಿರಿ

ತೇವ ಹಿಡಿದ ಗೋಡೆಯನ್ನು ಕಂಡೊಡನೆ ನಾವು ಮಾಡುವ ಮೊದಲ ಕೆಲಸವೆಂದರೆ ಅದನ್ನು ಮುಚ್ಚುವುದು. ಕೆಲವರು ಬಣ್ಣದಿಂದ ಮುಚ್ಚುತ್ತಾರೆ. ಕೆಲವರು ಸಿಮೆಂಟಿನ ಗಿಲಾವಿನಿಂದ ಮುಚ್ಚುತ್ತಾರೆ. ಅನುಕೂಲವುಳ್ಳವರು ಮರದ ಹಲಗೆ ಹೊದಿಸಿ ಮುಚ್ಚುತ್ತಾರೆ. ಆ ನೀರು ಎಲ್ಲಿಂದ ಬಂದಿತು, ಯಾವ ದಾರಿಯಿಂದ ಬಂದಿತು, ಯಾವ ಬಲ ಅದನ್ನು ತಂದಿತು ಎಂದು ಕೇಳುವವರು ವಿರಳ. ಜ್ವರ ಬಂದವನ ಹಣೆಗೆ ಗಂಧ ಹಚ್ಚಿ ಜ್ವರ ಇಳಿಯಿತೆಂದು ತಿಳಿಯುವುದಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ತೇವವು ರೋಗವಲ್ಲ, ರೋಗದ ಲಕ್ಷಣ. ಮೂಲವನ್ನು ಅಳೆದು ತಿಳಿಯದೆ ಗೋಡೆಗೆ ಬಳಿದ ಯಾವ ಲೇಪವೂ ಹಣದ ಅಪವ್ಯಯವೇ ಎಂಬುದು ನನ್ನ ಅಭಿಪ್ರಾಯ. ಅದರಲ್ಲಿಯೂ ನೆಲಮಾಳಿಗೆಯ ವಿಷಯದಲ್ಲಿ ಈ ಮಾತು ನೂರಕ್ಕೆ ನೂರರಷ್ಟು ಸತ್ಯ.

ಈ ಅಭಿಪ್ರಾಯವನ್ನು ನಾನು ಪುಸ್ತಕದಿಂದ ಪಡೆದವನಲ್ಲ. ದಂಡ ತೆತ್ತು ಪಡೆದವನು. ನಮ್ಮ ಮನೆ ಬೆಂಗಳೂರಿನ ಪಶ್ಚಿಮ ಭಾಗದ ಒಂದು ಇಳಿಜಾರು ನಿವೇಶನದಲ್ಲಿದೆ. ರಸ್ತೆಯ ಕಡೆ ನೆಲ ಎತ್ತರ, ಹಿತ್ತಿಲ ಕಡೆ ತಗ್ಗು. ಹೀಗಾಗಿ ಮನೆಯ ಕೆಳಗೆ ಒಂದು ಕೋಣೆ ತಾನಾಗಿಯೇ ಒದಗಿತು. ಅದರ ಹಿತ್ತಿಲ ಕಡೆಯ ಗೋಡೆಗೆ ಬಾಗಿಲು, ಕಿಟಕಿಗಳಿವೆ. ರಸ್ತೆಯ ಕಡೆಯ ಸೈಜುಗಲ್ಲಿನ ಗೋಡೆ ಮಾತ್ರ ಪೂರ್ತಿಯಾಗಿ ಮಣ್ಣಿನೊಳಗಿದೆ. ನನ್ನ ತಮ್ಮ ಪಿ.ಯು.ಸಿ.ಗೆ ಸೇರಿದ ವರ್ಷ ಆ ಕೋಣೆಯನ್ನು ಅವನ ಅಧ್ಯಯನಕ್ಕೆ ಸಿದ್ಧಗೊಳಿಸಲು ಹೊರಟೆವು. ಅದು ಏಪ್ರಿಲ್ ತಿಂಗಳು. ಗೋಡೆಯ ಬುಡದಲ್ಲಿ ಕೆಲವು ಬಿಳಿಯ ಕಲೆಗಳಿದ್ದುವಾದರೂ ಮುಟ್ಟಿದರೆ ಒಣಗಿಯೇ ಇತ್ತು. ಮೇಸ್ತ್ರಿಯು, “ಎರಡು ಕೈ ವಾಟರ್‌ಪ್ರೂಫ್ ಬಳಿದುಬಿಡೋಣ ಸಾರ್, ಹತ್ತು ವರ್ಷ ಆ ಕಡೆ ತಿರುಗಿ ನೋಡಬೇಕಾಗಿಲ್ಲ” ಎಂದ. ನಾನು ಒಪ್ಪಿದೆ. ಲೇಪದ ಮೇಲೆ ಅಂದವಾದ ಪ್ಲೈವುಡ್ ಹೊದಿಕೆಯೂ ಬಂದಿತು. ಅದೇ ಬೇಸಗೆಯಲ್ಲಿ ಮಳೆನೀರನ್ನು ಭೂಮಿಗೆ ಇಂಗಿಸುವ ಸದುದ್ದೇಶದಿಂದ ಮನೆಯ ಮುಂದೆ ಒಂದು ಇಂಗುಗುಂಡಿಯನ್ನೂ ತೋಡಿಸಿ, ತಾರಸಿಯ ನೀರಿಳಿಯುವ ಕೊಳವೆಯನ್ನು ಅದಕ್ಕೆ ಜೋಡಿಸಿದೆ. ಆ ಗುಂಡಿಗೂ ನೆಲಮಾಳಿಗೆಯ ಗೋಡೆಗೂ ನಡುವೆ ಇದ್ದ ಅಂತರ ಮೂರೇ ಅಡಿ!

ಸೆಪ್ಟೆಂಬರಿನ ಮಳೆ ಹಿಡಿಯಿತು. ಕೋಣೆಯಲ್ಲಿ ಬೂಷ್ಟಿನ ವಾಸನೆ ತಲೆದೋರಿತು. ತಮ್ಮನಿಗೆ ರಾತ್ರಿಯೆಲ್ಲ ಕೆಮ್ಮು. “ಅಣ್ಣಾ, ಗೋಡೆಯ ಹಿಂದೆ ಏನೋ ಕೊಳೆತಿದೆ” ಎಂದು ಅವನೇ ಹೇಳಿದ. ಹಲಗೆಯನ್ನು ಬಿಚ್ಚಿ ನೋಡಿದರೆ ಅದರ ಹಿಂಬದಿ ಕಪ್ಪಗೆ ಬೂಷ್ಟು ಹಿಡಿದಿತ್ತು. ಗೋಡೆಯ ಲೇಪವು ಸುಟ್ಟ ಚರ್ಮದಂತೆ ಅಲ್ಲಲ್ಲಿ ಬೊಬ್ಬೆಯೆದ್ದಿತ್ತು. ಒಂದು ಬೊಬ್ಬೆಯನ್ನು ಗುಂಡುಸೂಜಿಯಿಂದ ಚುಚ್ಚಿದೆ. ನೀರು ಚಿಮ್ಮಿ ಮುಖಕ್ಕೆ ಬಿದ್ದಿತು. ಪ್ರತಿ ವರ್ಷವೂ ತರಗತಿಯಲ್ಲಿ ದ್ರವಗಳ ಒತ್ತಡವನ್ನು ಕುರಿತು ಪಾಠ ಹೇಳುವವನು ನಾನೇ!

ಆ ಪಾಠದಲ್ಲಿ ಇರುವುದೇನು? ದ್ರವದ ಒತ್ತಡವು ಅದರ ಆಳವನ್ನು ಅವಲಂಬಿಸುತ್ತದೆಯೇ ಹೊರತು ಅದರ ಮೊತ್ತವನ್ನಲ್ಲ. ಇದು ಸ್ಟೆವಿನ್ ಮತ್ತು ಪಾಸ್ಕಲ್ ಅವರ ಕಾಲದಿಂದ ವಿದ್ವಾಂಸರಿಗೆ ತಿಳಿದಿದ್ದ ಸಂಗತಿ. ಗೋಡೆಯ ಹಿಂದೆ ಒಂದು ಕೆರೆಯೇ ಇರಲಿ, ಮಣ್ಣಿಗೂ ಗೋಡೆಗೂ ನಡುವೆ ಬೆರಳಗಲದ ನೀರಿನ ತೆರೆಯೇ ಇರಲಿ, ಆಳ ಒಂದೇ ಆದರೆ ಒತ್ತಡವೂ ಒಂದೇ. ಮಣ್ಣು ತೊಯ್ದು 2 ಮೀಟರ್ ಎತ್ತರಕ್ಕೆ ನೀರು ನಿಂತಿತೆನ್ನೋಣ. ಆಗ 5 ಮೀಟರ್ ಉದ್ದದ ಗೋಡೆಯ ಮೇಲೆ ಬೀಳುವ ಒಟ್ಟು ಬಲ ಸುಮಾರು 10 ಟನ್ ತೂಕಕ್ಕೆ ಸಮ. ನೀರಿನ ಮಟ್ಟದಿಂದ ಒಂದೂವರೆ ಮೀಟರ್ ಕೆಳಗೆ, ಅಂಗೈಯಗಲದ ಲೇಪದ ಮೇಲೆ, ಸುಮಾರು 12 ಕಿಲೋಗ್ರಾಂ ತೂಕದಷ್ಟು ಬಲ ಹಿಂದಿನಿಂದ ಬೀಳಬಲ್ಲದು. ಗೋಡೆಯ ಹೊರಮೈಗೆ ಲೇಪ ಹಾಕಿದ್ದರೆ ಈ ಬಲವೇ ಅದನ್ನು ಗೋಡೆಗೆ ಅಪ್ಪಳಿಸಿ ಹಿಡಿಯುತ್ತಿತ್ತು. ಒಳಮೈಗೆ ಹಾಕಿದರೆ ಅದೇ ಬಲ ಲೇಪವನ್ನು ಗೋಡೆಯಿಂದ ಕಿತ್ತು ತಳ್ಳುತ್ತದೆ. ನೀರು ತುಂಬಿದ ಪೀಪಾಯಿಯ ತೂತಿಗೆ ಒಳಗಿನಿಂದ ಹಚ್ಚಿದ ತೇಪೆಗೂ ಹೊರಗಿನಿಂದ ಹಚ್ಚಿದ ತೇಪೆಗೂ ಇರುವ ಅಂತರ ಇದೇ. ಮೇಸ್ತ್ರಿಗೆ ಇದು ಗೊತ್ತಿರಲಿಲ್ಲ ಎನ್ನೋಣ. ಭೌತಶಾಸ್ತ್ರದ ಅಧ್ಯಾಪಕನಾದ ನನಗೆ ಏನು ನೆಪವಿದೆ?

ಇಷ್ಟಾದ ಮೇಲೆ ನಾನು ಬಣ್ಣದ ಡಬ್ಬವನ್ನು ಬಿಟ್ಟು ದಿನಚರಿಯ ಪುಸ್ತಕವನ್ನು ಹಿಡಿದೆ. ನೆಲಮಾಳಿಗೆಯ ಗೋಡೆಗೆ ನೀರು ಬರುವ ದಾರಿಗಳು ಮುಖ್ಯವಾಗಿ ನಾಲ್ಕು. ಒಂದು, ಮಳೆಯ ನೀರು ಗೋಡೆಯ ಬುಡದಲ್ಲಿ ಇಂಗಿ ಒತ್ತಡದಿಂದ ಒಳನುಗ್ಗುವುದು. ಎರಡು, ಸಂಪು, ನಲ್ಲಿಯ ಕೊಳವೆ ಅಥವಾ ಚರಂಡಿಯ ಸೋರಿಕೆ. ಮೂರು, ನೆಲದ ತೇವವು ಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕ ಮೇಲೇರುವುದು. ನಾಲ್ಕು, ಕೋಣೆಯ ಗಾಳಿಯಲ್ಲಿರುವ ನೀರಾವಿಯೇ ತಣ್ಣನೆಯ ಗೋಡೆಯ ಮೇಲೆ ಹನಿಗಟ್ಟುವುದು. ಕಣ್ಣಿಗೆ ನಾಲ್ಕೂ ಒಂದೇ ಬಗೆಯ ತೇವವಾಗಿ ಕಾಣುತ್ತವೆ. ಚಿಕಿತ್ಸೆ ಮಾತ್ರ ನಾಲ್ಕಕ್ಕೂ ಬೇರೆ ಬೇರೆ.

ಇವುಗಳನ್ನು ಬೇರ್ಪಡಿಸಲು ಬೆಲೆಬಾಳುವ ಉಪಕರಣಗಳು ಬೇಕಿಲ್ಲ. ಒಂದೂವರೆ ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕು ಅಂಚುಗಳನ್ನೂ ಅಂಟುಪಟ್ಟಿಯಿಂದ ಗಾಳಿಯಾಡದಂತೆ ಮುಚ್ಚಿ, ಎರಡು ದಿನ ಬಿಟ್ಟು ನೋಡಿರಿ. ಹಾಳೆಯ ಹೊರಮೈಯಲ್ಲಿ ಹನಿಗಳಿದ್ದರೆ ಅವು ಕೋಣೆಯ ಗಾಳಿಯಿಂದ ಬಂದವು. ಹಾಳೆಯ ಹಿಂದೆ, ಗೋಡೆಯ ಕಡೆ ಹನಿಗಳಿದ್ದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಎರಡೂ ಕಡೆ ಇದ್ದರೆ ಎರಡು ರೋಗಗಳೂ ಇವೆ. ಸಂಪನ್ನು ಪರೀಕ್ಷಿಸುವುದು ಇನ್ನೂ ಸುಲಭ. ರಾತ್ರಿ ಅದನ್ನು ತುಂಬಿಸಿ, ಒಳಹರಿವನ್ನೂ ಪಂಪನ್ನೂ ನಿಲ್ಲಿಸಿ, ನೀರಿನ ಮಟ್ಟಕ್ಕೆ ಗುರುತು ಹಾಕಿರಿ. 2 ಮೀಟರ್ ಉದ್ದ, 2 ಮೀಟರ್ ಅಗಲದ ಸಂಪಿನಲ್ಲಿ ಬೆಳಗಾಗುವಷ್ಟರಲ್ಲಿ ಒಂದೇ ಸೆಂಟಿಮೀಟರ್ ಮಟ್ಟ ಇಳಿದಿದ್ದರೂ 40 ಲೀಟರ್ ನೀರು ಮಣ್ಣಿಗೆ ಹೋಗಿದೆ ಎಂದರ್ಥ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಸಂಪು ನೆಲಮಾಳಿಗೆಯ ಗೋಡೆಗೆ ಅಂಟಿಕೊಂಡೇ ಇರುವುದರಿಂದ ಈ ಪರೀಕ್ಷೆಯನ್ನು ಬಿಡಲಾಗದು.

ಎಲ್ಲಕ್ಕಿಂತ ಒಳ್ಳೆಯ ಉಪಕರಣವೆಂದರೆ ಗಡಿಯಾರ. ಮಳೆ ಯಾವಾಗ ಬಂದಿತು, ಗೋಡೆ ಯಾವಾಗ ಒದ್ದೆಯಾಯಿತು ಎಂಬುದನ್ನು ಬರೆದಿಡಬೇಕು. ಮಳೆ ಬಂದ ಕೆಲವೇ ಗಂಟೆಗಳಲ್ಲಿ ಗೋಡೆ ಅತ್ತರೆ ಅದು ಮೇಲಿನಿಂದ ಇಂಗಿದ ನೀರು. ಮಳೆಯಿರಲಿ, ಬಿಡಲಿ, ಒಂದೇ ಸಮನೆ ತೇವವಿದ್ದರೆ ಸೋರಿಕೆಯನ್ನು ಸಂಶಯಿಸಬೇಕು. ಗೋಡೆಯ ಬುಡದಿಂದ ಮೊಳ ಎರಡು ಮೊಳ ಎತ್ತರಕ್ಕೆ ಒಂದು ಅಂಚು ಕಟ್ಟಿದಂತೆ ಕಲೆಯಿದ್ದು, ಅದರ ಮೇಲೆ ಬಿಳಿಯ ಲವಣ ಹೂಬಿಟ್ಟಿದ್ದರೆ ನೀರು ಕೆಳಗಿನಿಂದ ಏರಿದೆ. ನನ್ನ ದಿನಚರಿಯಲ್ಲಿ ಮೂರು ವಾರಗಳ ಲೆಕ್ಕ ಸೇರಿದಾಗ ಸಂಗತಿ ಹಗಲಿನಂತೆ ಸ್ಪಷ್ಟವಾಯಿತು. ಪ್ರತಿ ದೊಡ್ಡ ಮಳೆಯ ಬಳಿಕ ಸುಮಾರು ಆರು ಗಂಟೆಗೆ ಸರಿಯಾಗಿ, ಇಂಗುಗುಂಡಿಯ ಎದುರಿನ ಭಾಗದಲ್ಲಿಯೇ, ಗೋಡೆ ಒಸರತೊಡಗುತ್ತಿತ್ತು. ನಮ್ಮ ತಾರಸಿಯ ವಿಸ್ತಾರ ಸುಮಾರು 80 ಚದರ ಮೀಟರ್. ಅದರ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ 4000 ಲೀಟರ್ ನೀರಾಗುತ್ತದೆ. ಅಷ್ಟನ್ನೂ ನಾನೇ ಕೊಳವೆ ಕಟ್ಟಿ, ಆದರಪೂರ್ವಕವಾಗಿ ನನ್ನ ಗೋಡೆಯ ಬುಡಕ್ಕೆ ತಂದು ಸುರಿಯುತ್ತಿದ್ದೆ!

ಮೂರನೆಯ ದಾರಿಯನ್ನು ಕುರಿತು ಒಂದೆರಡು ಮಾತು. ಸಣ್ಣ ನಳಿಗೆಯಲ್ಲಿ ನೀರು ಎಷ್ಟು ಏರುವುದೆಂಬ ನಿಯಮಕ್ಕೆ 18ನೆಯ ಶತಮಾನದ ವಿಜ್ಞಾನಿ ಜೇಮ್ಸ್ ಜೂರಿನ್‌ನ ಹೆಸರಿದೆ. ನಳಿಗೆಯ ತ್ರಿಜ್ಯ ಕಿರಿದಾದಷ್ಟೂ ನೀರು ಎತ್ತರಕ್ಕೆ ಏರುತ್ತದೆ. 1 ಮಿಲಿಮೀಟರ್ ತ್ರಿಜ್ಯದ ಗಾಜಿನ ನಳಿಗೆಯಲ್ಲಿ ಒಂದೂವರೆ ಸೆಂಟಿಮೀಟರ್. ಹತ್ತರಲ್ಲೊಂದು ಮಿಲಿಮೀಟರಾದರೆ 15 ಸೆಂಟಿಮೀಟರ್. ನೂರರಲ್ಲೊಂದಾದರೆ ಒಂದೂವರೆ ಮೀಟರ್. ಇಟ್ಟಿಗೆ ಮತ್ತು ಗಾರೆಯ ರಂಧ್ರಗಳು ಇಂತಹ ಲಕ್ಷಾಂತರ ನಳಿಗೆಗಳು. ಏರಿದ ನೀರು ಗೋಡೆಯ ಮೈಯಿಂದ ಆವಿಯಾಗಿ ಹೋಗುವುದರಿಂದ ಅದು ಸಾಮಾನ್ಯವಾಗಿ ಒಂದು ಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಆ ಮೈಯನ್ನು ಆವಿ ಹೋಗದ ಲೇಪದಿಂದ ಮುಚ್ಚಿದರೆ ಏನಾಗುತ್ತದೆ? ಆವಿಯಾಗುವ ದಾರಿ ಕಟ್ಟುತ್ತದೆ. ನೀರು ಇನ್ನೂ ಮೇಲಕ್ಕೆ ಏರುತ್ತದೆ. ಬುಡದಲ್ಲಿದ್ದ ಕಲೆ ಲೇಪದ ಮೇಲಂಚಿನಿಂದ ಇಣುಕುತ್ತದೆ. ಮನೆಯವರು ಇನ್ನೊಂದು ಮೊಳ ಎತ್ತರಕ್ಕೆ ಲೇಪ ಬಳಿಸುತ್ತಾರೆ. ಈ ಓಟದಲ್ಲಿ ಗೆಲ್ಲುವುದು ಯಾವಾಗಲೂ ನೀರೇ. ಆದಕಾರಣವೇ ಗೋಡೆ ಕಟ್ಟುವಾಗ ತಳಪಾಯದ ಮೇಲೆ ನೀರು ಹೀರದ ಒಂದು ಪದರವನ್ನು ಹಾಕುವುದು. ನಮ್ಮ ಹಿಂದಿನವರು ಮಣ್ಣಿನ ಗೋಡೆಯ ಕೆಳಗೆ ಕರಿಕಲ್ಲಿನ ಪಾಯವನ್ನು ನೆಲದಿಂದ ಮೇಲಕ್ಕೆ ಎತ್ತಿ ಕಟ್ಟುತ್ತಿದ್ದುದರಲ್ಲಿಯೂ ಇದೇ ವಿವೇಕವಿದೆ.

ನಾಲ್ಕನೆಯ ದಾರಿಯ ವೈಚಿತ್ರ್ಯವನ್ನು ನೋಡಬೇಕಾದರೆ ಉತ್ತರ ಅಮೆರಿಕದ ಶೀತಪ್ರದೇಶಗಳತ್ತ ತಿರುಗಬೇಕು. ಅಲ್ಲಿ ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುವುದರಿಂದ ತಳಪಾಯವನ್ನು ಅನೇಕ ಕಡೆ ಒಂದು ಮೀಟರಿಗಿಂತಲೂ ಆಳಕ್ಕೆ ಇಳಿಸಬೇಕಾಗುತ್ತದೆ. ಅಷ್ಟು ತೋಡಿದ ಮೇಲೆ ಇನ್ನಷ್ಟು ತೋಡಿ ನೆಲಮಾಳಿಗೆಯನ್ನೇ ಮಾಡಿಕೊಳ್ಳುವುದು ವಾಡಿಕೆ. ಅಲ್ಲಿ ನೆಲೆಸಿದ ನಮ್ಮ ಕನ್ನಡಿಗ ಬಂಧುಗಳ ಮನೆಗಳಲ್ಲಿಯೂ ಇಂತಹ ಕೋಣೆಗಳಿವೆ. ಬೇಸಗೆಯಲ್ಲಿ ಹೊರಗಿನ ಗಾಳಿ 28 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿದ್ದು, ಅದರ ಸಾಪೇಕ್ಷ ಆರ್ದ್ರತೆ ನೂರಕ್ಕೆ 70 ಇದೆಯೆನ್ನಿ. ಅದರ ಒಂದು ಘನಮೀಟರಿನಲ್ಲಿ ಸುಮಾರು 19 ಗ್ರಾಂ ನೀರಾವಿ ಇರುತ್ತದೆ. ನೆಲದೊಳಗಿನ ಗೋಡೆಯ ಉಷ್ಣತೆ 17 ಡಿಗ್ರಿ. ಆ ಉಷ್ಣತೆಯಲ್ಲಿ ಗಾಳಿಯು ಹಿಡಿದಿಡಬಲ್ಲದ್ದು ಸುಮಾರು 14.5 ಗ್ರಾಂ ಮಾತ್ರ. ಉಳಿದುದು ಗೋಡೆಯ ಮೇಲೆ ಹನಿಯಾಗಿ ಇಳಿಯಲೇಬೇಕು. ಅಂದರೆ ಕೋಣೆ ಒಣಗಲೆಂದು ಕಿಟಕಿ ತೆರೆದವನು ನೀರನ್ನೇ ಒಳಗೆ ಕರೆದಂತಾಯಿತು. ಬೆಂಗಳೂರಿನಲ್ಲಿ ನೆಲವು ಅಷ್ಟು ತಣ್ಣಗಿರುವುದಿಲ್ಲವಾದ್ದರಿಂದ ಇಲ್ಲಿ ಕಿಟಕಿ ತೆರೆಯುವುದು ಬಹುತೇಕ ಹಿತವೇ. ಒಂದೇ ನಿಯಮ, ಎರಡು ಊರು, ಎರಡು ವಿರುದ್ಧ ಉಪದೇಶ! ಕಂಡವರ ಸಲಹೆಯನ್ನು ಕುರುಡಾಗಿ ಅನುಸರಿಸಬಾರದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕೆ?

ಮೂಲ ತಿಳಿದ ಬಳಿಕ ಚಿಕಿತ್ಸೆಯ ಕ್ರಮವೂ ತಾನಾಗಿ ಹೊಳೆಯುತ್ತದೆ. ಮೊದಲನೆಯದು, ನೀರನ್ನು ಗೋಡೆಯ ಬಳಿಗೆ ಬರಗೊಡದಿರುವುದು. ತಾರಸಿಯ ಕೊಳವೆಯನ್ನು ದೂರಕ್ಕೆ ಒಯ್ಯಬೇಕು. ಗೋಡೆಯ ಬುಡದ ನೆಲವನ್ನು ಹೊರಕ್ಕೆ ಇಳಿಜಾರಾಗಿಸಬೇಕು. ಎರಡನೆಯದು, ಹಾಗೂ ಬಂದ ನೀರಿಗೆ ಹೋಗುವ ದಾರಿ ಮಾಡಿಕೊಡುವುದು. ಆಗುಂಬೆ ಅಥವಾ ಚಾರ್ಮಾಡಿ ಘಾಟಿಯಲ್ಲಿ ಪ್ರಯಾಣ ಮಾಡಿದವರು ರಸ್ತೆಯ ಪಕ್ಕದ ತಡೆಗೋಡೆಗಳಲ್ಲಿ ಸಾಲಾಗಿ ಬಿಟ್ಟಿರುವ ತೂತುಗಳನ್ನು ನೋಡಿರಬಹುದು. ಮಳೆಗಾಲದಲ್ಲಿ ಅವುಗಳಿಂದ ನೀರು ಧಾರೆಯಾಗಿ ಸುರಿಯುತ್ತದೆ. ಅಲ್ಲಿನ ಇಂಜಿನಿಯರು ನೀರಿನೊಡನೆ ಹೋರಾಡಲಿಲ್ಲ. ಅದನ್ನು ಹೋಗಲು ಬಿಟ್ಟು ಒತ್ತಡವನ್ನೇ ಇಲ್ಲವಾಗಿಸಿದ. ಮನೆಯ ಗೋಡೆಯ ಹೊರಗೆ, ತಳಪಾಯದ ಮಟ್ಟದಲ್ಲಿ, ತೂತುಗಳುಳ್ಳ ಕೊಳವೆಯನ್ನು ಜಲ್ಲಿಯ ನಡುವೆ ಹುಗಿದು ತಗ್ಗಿನ ಕಡೆಗೆ ಹರಿಯಬಿಡುವುದೂ ಇದೇ ಉಪಾಯ. ಮೂರನೆಯದಾಗಿ ಹೊರಮೈಗೆ ನೀರು ಹೀರದ ಲೇಪ. ಒಳಗಿನ ಅಲಂಕಾರವೆಲ್ಲ ಕಟ್ಟಕಡೆಗೆ.

ನಮ್ಮ ಬಯಲುಸೀಮೆಯ ರೈತರು ನೆಲದೊಳಗೆ ಹಗೇವುಗಳನ್ನು ತೋಡಿ ರಾಗಿ, ಜೋಳಗಳನ್ನು ವರ್ಷಗಟ್ಟಲೆ ಕಾಪಾಡುತ್ತಿದ್ದರು. ಅವರ ಬಳಿ ಯಾವ ಡಬ್ಬದ ಲೇಪವೂ ಇರಲಿಲ್ಲ. ನೀರು ನಿಲ್ಲದ ಎತ್ತರದ ಗಟ್ಟಿ ನೆಲವನ್ನು ಆರಿಸಿಕೊಳ್ಳುವುದರಲ್ಲಿಯೇ ಅವರ ಅರ್ಧ ಕೆಲಸ ಮುಗಿಯುತ್ತಿತ್ತು. ಒಳಗೆ ಹುಲ್ಲು ಹಾಸಿ ಕಾಳು ತುಂಬುವುದು ಅನಂತರದ ಮಾತು. ಅಲಂಕಾರದಿಂದ ಆರಂಭಿಸಿ ನೀರಿನ ಯೋಚನೆಯಲ್ಲಿ ಮುಗಿಸುವ ನಾವು ಈ ಕ್ರಮವನ್ನು ತಲೆಕೆಳಗು ಮಾಡಿದ್ದೇವೆ.

ಇದಕ್ಕೆ ಒಂದು ಆಕ್ಷೇಪವಿದೆ, ಅದು ನ್ಯಾಯವಾದುದೇ. ಮೂವತ್ತು ನಲವತ್ತು ಅಡಿಯ ನಿವೇಶನದಲ್ಲಿ ಪಕ್ಕದ ಮನೆಯ ಗೋಡೆ ಒತ್ತಿಕೊಂಡೇ ಇರುವಾಗ ಹೊರಗಿನಿಂದ ಅಗೆಯುವುದು ಹೇಗೆ? ಅಗೆದರೂ ವೆಚ್ಚ ಎಷ್ಟು? ಹೊರಗೆ ಅಗೆಯಲಾಗದಿದ್ದರೆ ಒಳಗೆ, ಗೋಡೆಯ ಬುಡದ ಉದ್ದಕ್ಕೂ, ಒಂದು ಕಿರುಗಾಲುವೆ ಮಾಡಿ ನೀರನ್ನು ಒಂದು ಗುಂಡಿಗೆ ತಂದು ಹೊರಹಾಕಬಹುದು. ನೀರು ಬರುತ್ತದೆಂಬುದನ್ನು ಒಪ್ಪಿಕೊಂಡು ಅದಕ್ಕೆ ದಾರಿ ತೋರಿಸುವ ಪ್ರಾಮಾಣಿಕವಾದ ಉಪಾಯವಿದು. ಇನ್ನು ವೆಚ್ಚದ ಮಾತು. ನನ್ನ ಲೇಪಕ್ಕೂ ಹಲಗೆಗೂ ಆದ ಖರ್ಚಿನ ಕಾಲುಭಾಗವೂ ಕೊನೆಯ ಪರಿಹಾರಕ್ಕೆ ಆಗಲಿಲ್ಲ. ಇಂಗುಗುಂಡಿಯನ್ನು ಹಿತ್ತಿಲ ತಗ್ಗಿಗೆ ವರ್ಗಾಯಿಸಿದೆ, ಕೊಳವೆಯನ್ನು ತಿರುಗಿಸಿದೆ, ಮುಂದಿನ ಅಂಗಳಕ್ಕೆ ಇಳಿಜಾರು ಕೊಡಿಸಿದೆ, ಅಷ್ಟೆ. ಎಲ್ಲ ಮನೆಗಳಲ್ಲಿಯೂ ಇಷ್ಟರಿಂದಲೇ ಗುಣವಾದೀತೆಂದು ನಾನು ಹೇಳುವುದಿಲ್ಲ. ಆದರೆ ಅಗ್ಗದ ಚಿಕಿತ್ಸೆ ಸಾಕೋ ಸಾಲದೋ ಎಂಬುದು ಅಳೆದವನಿಗೆ ಮಾತ್ರ ತಿಳಿಯುತ್ತದೆ.

ನೀರು ನಿಂತ ಮೇಲೂ ಅವಸರ ಸಲ್ಲದು. ಗೋಡೆ ಒಣಗಲು ಒಂದು ಅಂಗುಲ ದಪ್ಪಕ್ಕೆ ಒಂದು ತಿಂಗಳು ಎಂಬ ಸ್ಥೂಲವಾದ ಲೆಕ್ಕ ಕಟ್ಟಡದವರಲ್ಲಿದೆ. ಬಿಳಿಯ ಲವಣವನ್ನು ನೀರಿನಿಂದ ತೊಳೆಯದೆ ಒಣ ಕುಂಚದಿಂದ ಉಜ್ಜಿ ತೆಗೆಯಬೇಕು. ತೊಳೆದರೆ ಅದು ಕರಗಿ ಮತ್ತೆ ಗೋಡೆಯನ್ನೇ ಸೇರುತ್ತದೆ. ಬಳಿಕ ಆವಿಯನ್ನು ಹೊರಬಿಡುವ ಸುಣ್ಣವೇ ಮೇಲು. ಕಪಾಟುಗಳನ್ನು ಗೋಡೆಯಿಂದ ನಾಲ್ಕು ಬೆರಳು ದೂರವಿಟ್ಟು, ಗಾಳಿಯಾಡಲು ಬಿಡಬೇಕು.

ಇದೆಲ್ಲ ಕೇವಲ ಗೋಡೆಯ ಅಂದದ ಪ್ರಶ್ನೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಉಸಿರಾಟದ ತೊಂದರೆಗಳೂ ಆಸ್ತಮಾ ರೋಗವೂ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಹೇಳಿದೆ. ಇನ್ನೂ ಘೋರವಾದ ಅಪಾಯಗಳೂ ಇವೆ. 2024ರ ಜುಲೈ ತಿಂಗಳಲ್ಲಿ ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ, ತರಬೇತಿ ಕೇಂದ್ರವೊಂದರ ನೆಲಮಾಳಿಗೆಯ ವಾಚನಾಲಯಕ್ಕೆ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. 2025ರ ಮೇ ತಿಂಗಳಲ್ಲಿ ಬೆಂಗಳೂರಿನ ಬಿ.ಟಿ.ಎಂ. ಬಡಾವಣೆಯಲ್ಲಿ, ನೆಲಮಾಳಿಗೆಯಲ್ಲಿ ನಿಂತ ನೀರನ್ನು ಪಂಪಿನಿಂದ ಹೊರಹಾಕುವಾಗ ವಿದ್ಯುತ್ ತಗುಲಿ ಇಬ್ಬರು ಮಡಿದರು; ಅವರಲ್ಲಿ ಒಬ್ಬ ಬಾಲಕ. ರಸ್ತೆಯ ನೀರು ಮೆಟ್ಟಿಲಿಳಿದು ಬರುವಂತಹ ಕೋಣೆಯಲ್ಲಿ ಯಾರನ್ನೂ ಓದಲು ಕೂರಿಸಬಾರದು. ನೀರು ನಿಂತ ನೆಲಮಾಳಿಗೆಗೆ ಇಳಿಯುವ ಮುನ್ನ ಮೇಲಿನ ಮುಖ್ಯ ಸ್ವಿಚ್ಚನ್ನು ಆರಿಸಲೇಬೇಕು. ಸ್ವಿಚ್ಚೇ ನೀರಿನಲ್ಲಿದ್ದರೆ ಇಳಿಯಲೇಬಾರದು. ನೆಲಕ್ಕೆ ಸೋರುವ ವಿದ್ಯುತ್ತನ್ನು ಕ್ಷಣಾರ್ಧದಲ್ಲಿ ಕಡಿಯುವ, 30 ಮಿಲಿ ಆಂಪಿಯರಿನ ರಕ್ಷಕ ಸ್ವಿಚ್ಚುಗಳು ಈಗ ಅಂಗಡಿಗಳಲ್ಲಿ ದೊರೆಯುತ್ತವೆ. ಪ್ಲೈವುಡ್ಡಿಗೆ ಹಣ ಹಾಕುವ ಮೊದಲು ಅದಕ್ಕೆ ಹಾಕಿರಿ.

ವಿದ್ಯಾರ್ಥಿಮಿತ್ರರೇ, ದ್ರವದ ಒತ್ತಡ, ನಳಿಗೆಯಲ್ಲಿ ಏರುವ ನೀರು, ಸಾಪೇಕ್ಷ ಆರ್ದ್ರತೆ ಇವು ಮೂರೂ ನಿಮ್ಮ ಪಠ್ಯಪುಸ್ತಕದಲ್ಲಿವೆ. ಪರೀಕ್ಷೆಯಲ್ಲಿ ಇವುಗಳಿಗೆ ತಪ್ಪಿಲ್ಲದ ಉತ್ತರ ಬರೆದು, ಮನೆಗೆ ಬಂದು ಅದೇ ನೀರಿಗೆ ಮೋಸಹೋಗುವುದು ನಮ್ಮೆಲ್ಲರ ಪಾಡು. ಅದರ ದೋಷ ನಿಮಗಿಂತ ಹೆಚ್ಚಾಗಿ ನಿಮಗೆ ಪಾಠ ಹೇಳುವ ನನ್ನಂಥವರದು. ನಾವು ಕಾಲೇಜಿನ ಹೊಸ್ತಿಲಲ್ಲಿಯೇ ಭೌತಶಾಸ್ತ್ರವನ್ನು ಬಿಟ್ಟು ಮನೆಗೆ ಹೋಗುತ್ತೇವೆ. ಈ ಮಳೆಗಾಲದಲ್ಲಿ ನಿಮ್ಮ ಮನೆಯ ಒಂದು ಒದ್ದೆ ಗೋಡೆಯನ್ನು ಆರಿಸಿಕೊಳ್ಳಿರಿ. ಒಂದು ಪ್ಲಾಸ್ಟಿಕ್ ಹಾಳೆ, ಒಂದು ಗಡಿಯಾರ, ಒಂದು ದಿನಚರಿ ಸಾಕು. ಮನೆಯ ಹಿರಿಯರು ಬಣ್ಣದ ಡಬ್ಬವನ್ನು ತರುವ ಮೊದಲು ನಿಮ್ಮ ಲೆಕ್ಕವನ್ನು ಅವರ ಮುಂದಿಡಿರಿ. ನನ್ನ ತಮ್ಮ ಈಗ ಅದೇ ಕೋಣೆಯಲ್ಲಿ ಕಿಟಕಿಯ ಬಳಿ ಕುಳಿತು ಓದುತ್ತಾನೆ. ಮಣ್ಣಿನ ಕಡೆಯ ಗೋಡೆಗೆ ಇಂದಿಗೂ ಬಣ್ಣವಿಲ್ಲ. ಸುಣ್ಣ ಬಳಿದ ಬರಿಯ ಕಲ್ಲು. ಅದರ ಮೇಲೆ ಪ್ರತಿ ಸೆಪ್ಟೆಂಬರಿನಲ್ಲಿಯೂ ಒಂದು ಪ್ಲಾಸ್ಟಿಕ್ ಹಾಳೆಯನ್ನು ಅಂಟಿಸಿ ನೋಡುವುದು ಅವನೇ.